ರೊಟ್ಟಿ ಗಂಟಿನ ವಿಳಾಸ

ಮುಂಜಾನೆಯಿಂದ ರೇವವ್ವನ ಕೈಯಲ್ಲಿ ರೊಟ್ಟಿ ಹರಿಯುತ್ತಿದ್ದವು. ಹಿಟ್ಟು ನಿನ್ನೆಯೇ ಗಿರಣಿಯಿಂದ ತಂದದ್ದು, ಎಸರು ಕಾದದ್ದು ಸರಿಯಾಗಿಯೇ ಇತ್ತು, ಕೈಯಂತೂ ನಿದ್ದೆಯಲ್ಲಿಯೂ ರೊಟ್ಟಿ ಬಡಿಯಬಲ್ಲ ಕೈ. ಆದರೂ ಪರಾತದಿಂದ ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿ, ನೋಡನೋಡುತ್ತ ಅದು ನಡುವಿಗೆ ಬಂದು ನಿಲ್ಲುತ್ತಿತ್ತು. ಹರಿದದ್ದನ್ನು ಮತ್ತೆ ನಾದಿ ಮುದ್ದೆ ಮಾಡಿ ಬಡಿಯತೊಡಗಿದಾಗ ಅವಳಿಗೆ ಹೊಳೆಯಿತು: ತಾನು ಕಿವಿಗೊಟ್ಟು ಕೂತಿದ್ದೇನೆ, ಬಡಿತದ ಲಯ ತಪ್ಪುತ್ತಿರುವುದು ಅದಕ್ಕೇ. ಗೋಡೆಯ ಆಚೆ ಚಮನಸಾಬನ ಹೊಲಿಗೆ ಮಿಷನ್ನು ಸುಮ್ಮನಿತ್ತು. ಸಿಂದಗಿಯ ಆ ಓಣಿಯಲ್ಲಿ ಅವಳ ರೊಟ್ಟಿ ಬಡಿತಕ್ಕೂ ಅವನ ಮಿಷನ್ನಿನ ಸದ್ದಿಗೂ ಒಂದೇ ಗೋಡೆ. ಅವನು ತುಳಿದರೆ ಇವಳು ಬಡಿಯುತ್ತಾಳೆ, ಇವಳು ಬಡಿದರೆ ಅವನು ತುಳಿಯುತ್ತಾನೆ ಎಂದು ಓಣಿಯ ಮಂದಿ ನಗಾಡುತ್ತಿದ್ದರು. ಬೆಳಗ್ಗೆ ಬಾಗಿಲು ತೆಗೆಯುವಾಗ ಅವನ ಅಂಗಡಿಯೊಳಗೆ ಕಣ್ಣು ಹಾಯಿಸಿದ್ದಳು. ಸೂಜಿಯ ಕೆಳಗೆ ಯಾರದೋ ಹಸಿರು ಕುಪ್ಪಸ ಅರ್ಧಕ್ಕೇ ನಿಂತಿತ್ತು.

"ಜಿಗಿ ಹಿಟ್ಟಿಗಿ ಇಲ್ಲೋ, ಬಡಿಯಾಕಿಗಿ ಇಲ್ಲೋ?" ಎಂದಳು ಇಂದ್ರಾಬಾಯಿ. ಅವಳೂ ಸಿದ್ದವ್ವನೂ ರೇವವ್ವನ ಬಳಿ ರೊಟ್ಟಿ ಬಡಿಯಲು ಬರುವವರು. "ಖಾನಾವಳಿಯವ ಬಂದ್ರ ಇವನ್ನ ಒಣ ಮಾವಿನ ಎಲಿ ಅಂತಾನ ನೋಡು."

"ಆಕಿ ಚಿತ್ತ ಇಲ್ಲೆಲ್ಲೈತಿ," ಎಂದಳು ಸಿದ್ದವ್ವ. "ಮೈದುನನ ಫೋನ್ ಬಂದಿಲ್ಲ. ಯುದ್ಧ ನಿಂತೈತಿ ಅಂತ ಟಿವಿಯವ ಹೊಯ್ಕೊಂಡು ಗಂಟಲ ಹರಕೊಂಡಾನ, ಇವರ ಮನಿ ಹುಡುಗಂದು ಒಂದು ಸುದ್ದಿ ಇಲ್ಲ. ಇತ್ಲಾಗ ನೋಡಿದ್ರ ಬಾಜೂಕ ಇಂಥಾ ಹಾವು."

"ಯಾರಿಗಿ ಹಾವು ಅಂತಿ?"

"ಮತ್ಯಾರಿಗಿ? ಮುಂಜಾನೆ ಜೀಪಿನ್ಯಾಗ ಕುಂಡ್ರಿಸ್ಕೊಂಡು ಹೋದ್ರಲ್ಲ. ಇಲ್ಲಿ ಪೊಲೀಸರಲ್ಲ ಅವರು, ಸಾದಾ ಅಂಗಿಯವರು. ಆ ಕಡಿ ದೇಶದವರ ಫೋನ್ ಇವನ ಫೋನಿಗಿ ಬಂದಿತ್ತಂತ. ಸೂಜಿ ಹಿಡಿಯೋ ಕೈ ಏನೇನು ಹೊಲದೈತೋ ಯಾರಿಗ್ಗೊತ್ತು!"

ರೇವವ್ವ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಸವರಿದಳು. ಬುಸ್ಸೆಂದು ಎದ್ದ ಹಬೆ ಮುಖಕ್ಕೆ ಬಡಿಯಿತು. ಆ ಹಬೆಯೊಳಗೆ ಒಂದು ಹೆಣ್ಣು ದನಿ ಇದ್ದಂತೆ, ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದ ದನಿ, ದೀದಿ, ದೀದಿ ಎಂದು ಕರೆಯುತ್ತಿದ್ದಂತೆ ಅನಿಸಿತು. ಯುದ್ಧ ಸುರುವಾಗುವ ಮುಂಚೆ ಆ ಫೋನು ಬಂದದ್ದು ಇದೇ ಹೊತ್ತಿಗೆ, ಇದೇ ಒಲೆಯ ಮುಂದೆ. ದೀದಿ ಎಂಬುದೊಂದು ಬಿಟ್ಟು ಬೇರೇನೂ ತಿಳಿಯದೆ ಅವಳು ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಗೋಡೆ ಸುತ್ತಿ ಓಡಿದ್ದಳು. "ಚಮನಣ್ಣ, ಹಿಂದಿ ಬಂದೈತಿ ನೋಡೋ!" ಎಂದಿದ್ದಳು, ಮನೆಗೆ ನೆಂಟರು ಬಂದ ಹಾಗೆ. ಚಮನಸಾಬ ಕನ್ನಡಕ ಹಣೆಗೇರಿಸಿ ಫೋನು ತೆಗೆದುಕೊಂಡು, ಕೇಳಿ, ಕೇಳಿದ್ದನ್ನು ಅವಳಿಗೆ ಹೇಳಿದ್ದ. ಸೈನಿಕರ ಮನೆಯವರಿಗಾಗಿ ಇರುವ ಒಂದು ಸಂಘದವಳಂತೆ. ಮನೆಯಿಂದ ಕಳಿಸುವ ತಿಂಡಿ ಗಂಟುಗಳನ್ನು ಒಟ್ಟು ಮಾಡಿ ಗಾಡಿಯಲ್ಲಿ ನೇರ ಅವರವರ ಜಾಗಕ್ಕೇ ಮುಟ್ಟಿಸುತ್ತಾರಂತೆ. ಸಿದ್ಧರಾಮ ನಿಮ್ಮವರಲ್ಲವೇ ಎಂದು ಕೇಳುತ್ತಿದ್ದಾಳೆ.

ಮೈದುನ ಸಿದ್ಧರಾಮನ ಹೆಸರು ಆ ಹೆಣ್ಣಿಗೆ ಹೇಗೆ ಸಿಕ್ಕಿತೆಂದು ಆ ಹೊತ್ತು ಕೇಳಬೇಕೆನಿಸಲಿಲ್ಲ. ಈಗ ಅನಿಸುತ್ತದೆ. ಹೆಸರು ಊರಿಗೇ ಕಾಣುವ ಹಾಗೆ ಬಸ್‌ಸ್ಟ್ಯಾಂಡಿನ ಎದುರು ತೂಗಾಡುತ್ತಿತ್ತಲ್ಲ. ಕಳೆದ ಸಲ ರಜೆಗೆ ಬಂದಾಗ ಓಣಿಯ ಹುಡುಗರು ಬ್ಯಾನರ್ ಹಾಕಿಸಿದ್ದರು. ಸಮವಸ್ತ್ರದಲ್ಲಿ ಸಿದ್ಧರಾಮ, ಪಕ್ಕದಲ್ಲಿ ಫಿರಂಗಿ, ಮೇಲೆ 'ನಮ್ಮೂರ ಹುಲಿಗೆ ಸ್ವಾಗತ', ಕೆಳಗೆ ಶುಭ ಕೋರುವವರ ಸಾಲು, ಆ ಸಾಲಿನಲ್ಲಿ ರೇವವ್ವನ ರೊಟ್ಟಿ ಕೇಂದ್ರ, ಮತ್ತು ಅವಳ ಫೋನ್ ನಂಬರು. ನಂಬರು ಹಾಕಿಸಿದವಳು ಅವಳೇ. ಹ್ಯಾಂಗಿದ್ದರೂ ಮಂದಿ ನೋಡುತ್ತಾರೆ, ನಾಕು ಗಿರಾಕಿ ಹೆಚ್ಚಾದರೆ ಹುಲಿಗೇನು ನಷ್ಟ ಎಂದಿದ್ದಳು. ಹುಡುಗರು ಆ ಬ್ಯಾನರಿನ ಫೋಟೋವನ್ನು ಫೋನಿನಿಂದ ಫೋನಿಗೆ ಕಳಿಸಿದರು. ಎಲ್ಲಿಯವರೆಗೆ ಹೋಯಿತೋ ಕಂಡವರಾರು. ನೀರು ಚೆಲ್ಲಿದವರಿಗೆ ಅದು ಹರಿದು ಯಾರ ಅಂಗಳ ತಲುಪಿತೆಂದು ಗೊತ್ತಿರುವುದಿಲ್ಲ.

ಆ ಹೆಣ್ಣು ಅವಸರ ಮಾಡಲಿಲ್ಲ. ಮೊಣಕಾಲು ನೋವು ಹೇಗಿದೆ ಎಂದು ಕೇಳಿದಳಂತೆ. ಚಮನಸಾಬ ಅದನ್ನು ಹೇಳಿದಾಗ ರೇವವ್ವ ಹಿಟ್ಟಿನ ಕೈಯಲ್ಲೇ ಮೊಣಕಾಲು ಸವರಿಕೊಂಡಿದ್ದಳು. ಈ ವಯಸ್ಸಿನ ಯಾವ ಹೆಂಗಸಿಗೆ ಮೊಣಕಾಲು ನೋಯುವುದಿಲ್ಲ ಎಂಬುದು ಆಮೇಲೆ ಬಂದ ಬುದ್ಧಿ. ರೊಟ್ಟಿ ಮುಟ್ಟುತ್ತಾವಾ ಎಂದು ಕೇಳಿದಳಂತೆ. ಅಲ್ಲಿ ರೇವವ್ವ ಬಿದ್ದಳು. ಯಾಕೆಂದರೆ ರೊಟ್ಟಿ ಮುಟ್ಟುತ್ತಿರಲಿಲ್ಲ. ಎಳ್ಳು ಹಚ್ಚಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಇಂಡಿ ತಾಲೂಕಿನಿಂದ ತರಿಸಿದ ನಿಂಬೆಕಾಯಿಯ ಉಪ್ಪಿನಕಾಯಿ, ಎಲ್ಲವನ್ನೂ ಡಬ್ಬಿಯಲ್ಲಿ ಹೊಂದಿಸಿ, ಮೇಲೆ ಬಿಳಿ ಬಟ್ಟೆ ಸುತ್ತಿ, ಚಮನಸಾಬ ದಬ್ಬಣದಿಂದ ಹೊಲಿದು, ತನ್ನ ಮುತ್ತಿನಂಥ ಅಕ್ಷರದಲ್ಲಿ ವಿಳಾಸ ಬರೆದುಕೊಡುತ್ತಿದ್ದ. ಆ ವಿಳಾಸದಲ್ಲಿ ಊರೇ ಇಲ್ಲ. ಹೆಸರು, ನಂಬರು, ದಳ, ಕೊನೆಗೆ ದಂಡಿನ ಅಂಚೆಯ ಛಪ್ಪನ್ನು ಏಪಿಓ. ಕಾಶ್ಮೀರದಲ್ಲಿದ್ದವನಿಗೂ ರಾಜಸ್ಥಾನದಲ್ಲಿದ್ದವನಿಗೂ ಅದೇ ಛಪ್ಪನ್ನು. ಗಂಟು ಅಲ್ಲಿ ಇಲ್ಲಿ ಸುತ್ತಿ ಮುಟ್ಟುವಾಗ ರೊಟ್ಟಿ ಹುಡಿಯಾಗಿರುತ್ತಿತ್ತು. "ವೈನಿ, ಈ ಸಲ ಚಮಚಾ ಹಾಕ್ಕೊಂಡು ತಿಂದ್ವಿ," ಎಂದು ಸಿದ್ಧರಾಮ ಫೋನಿನಲ್ಲಿ ನಕ್ಕಿದ್ದ. ಅವಳು ಮದುವೆಯಾಗಿ ಬಂದಾಗ ಅಂಗಿ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಅವನ ಬಾಯಿಗೆ ತುತ್ತು ಇಟ್ಟು ಬೆಳೆಸಿದವಳಿಗೆ ಆ ನಗೆ ಚುಚ್ಚಿದ್ದು ಅವನಿಗೆ ತಿಳಿದಿರಲಿಲ್ಲ.

ಯಾವ ಜಾಗದಲ್ಲಿದ್ದಾನೆ ಹೇಳಿದರೆ ಮುರಿಯದ ಹಾಗೆ ಮುಟ್ಟಿಸುತ್ತೇವೆ ಎಂದಿತು ದನಿ. ಚಮನಸಾಬ ಫೋನಿನ ಬಾಯಿಗೆ ಅಂಗೈ ಮುಚ್ಚಿ ಅವಳ ಕಡೆ ನೋಡಿದ್ದ. ಆ ನೋಟ ಈಗ ಹಂಚಿನ ಮೇಲೆ ಬಂದು ಕೂತಿದೆ. "ರೇವಕ್ಕ, ಇದು ಹೇಳೂದು ಬ್ಯಾಡನಸ್ತೈತಿ. ಸರಕಾರ ಊರ ಹೆಸರು ಹಾಕ್ಸಿಲ್ಲ ಅಂದ್ರ ಅದಕ್ಕೇನರ ಕಾರಣ ಇರ್ತೈತಿ." ಅವಳು ಏನೆಂದಿದ್ದಳು? ಬೇರೆ ಯಾರೂ ಇರಲಿಲ್ಲ, ಕೇಳಿದ್ದು ಅವನೊಬ್ಬನೇ. "ನಿನ್ನ ಮನ್ಯಾವೇನು ಅಲ್ಲಿ ಹಸಗೊಂಡು ಕುಂತಿಲ್ಲ. ನಾ ಹೇಳಿದ್ದು ಹೇಳು ಸುಮ್ಮ." ಅವನ ಮುಖ ಸ್ವಲ್ಪ ಸಣ್ಣದಾಯಿತು. ಅವಳು ಹೇಳಿದಳು, ಅವನು ಹೇಳಿದ. ಸಿದ್ಧರಾಮ ರಜೆಯಲ್ಲಿ ಬಾಯಿಬಿಟ್ಟು ಹೆಂಡತಿಗೆ ಹೇಳಿದ್ದು, ಹೆಂಡತಿ ಮಾಲಾ ರಾತ್ರಿ ಕಾಲೊತ್ತುತ್ತ ಇವಳಿಗೆ ಹೇಳಿದ್ದು: ಊರ ಹೆಸರು, ಊರ ಹಿಂದಿನ ಅಕ್ರೋಟದ ತೋಪು, ಆ ತೋಪಿನಲ್ಲಿ ಮರೆ ಮಾಡಿ ನಿಲ್ಲಿಸಿದ ಫಿರಂಗಿಗಳು. ತೋಪು ಕಾಯುವ ಮುದುಕ ಕೊಟ್ಟ ಅಕ್ರೋಟವನ್ನು ಸಿದ್ಧರಾಮ ತಂದಿದ್ದ. ಅವಳು ಬಾಗಿಲ ಸಂದಿಯಲ್ಲಿಟ್ಟು ಒಡೆದು ತಿಂದಿದ್ದಳು. ಆ ಹೆಣ್ಣು ಇನ್ನೊಂದು ಮಾತು ಕೇಳಿದಳು: ಗಂಟಿನ ಫೋಟೋ ಕಳಿಸಿ, ದೊಡ್ಡ ಫೋನಿನ ನಂಬರು ಕೊಡಿ. ರೇವವ್ವನದು ಗುಂಡಿ ಒತ್ತುವ ಫೋನು. "ನಿಂದು ಕೊಡೋ ಚಮನಣ್ಣ," ಎಂದಿದ್ದಳು. ಕೊಟ್ಟ. ಗಾಡಿ ಬರಲೇ ಇಲ್ಲ. ಯುದ್ಧ ಸುರುವಾದ ಮರುದಿನ ಅವಳು ಯಾರೂ ಇಲ್ಲದಾಗ, ಗಾಡಿಗೆಂದು ಕಟ್ಟಿಟ್ಟ ಗಂಟಿನ ಹೊಲಿಗೆ ಬಿಚ್ಚಿ, ಆ ರೊಟ್ಟಿಗಳನ್ನು ಖಾನಾವಳಿಯ ರೊಟ್ಟಿಗಳಲ್ಲಿ ಬೆರೆಸಿಬಿಟ್ಟಳು. ಬಟ್ಟೆಯನ್ನು ಒಲೆಗೆ ಹಾಕಿದಳು. ಏಕೆ ಹಾಗೆ ಮಾಡಿದೆನೆಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಕೈಗೆ ಮೊದಲು ತಿಳಿಯುತ್ತದೆ, ಬಾಯಿಗೆ ಆಮೇಲೆ.

ಆ ದಿನಗಳಲ್ಲಿ ಯುದ್ಧ ದೂರವೇ ಇತ್ತು, ಆದರೆ ಊರು ಹತ್ತಿರದಲ್ಲೇ ಇದ್ದಂತೆ ನಡೆದುಕೊಂಡಿತು. ಆಲಮಟ್ಟಿಯಲ್ಲಿ ಆಣೆಕಟ್ಟಿಗೆ ಕಾವಲು ಹೆಚ್ಚಾಯಿತಂತೆ. ಹಿನ್ನೀರಿನ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಅವಳ ಗಂಡ ರೇವಣಪ್ಪನನ್ನೂ ಅವನ ಜೊತೆಯವರನ್ನೂ ಯಾರೋ ಎಬ್ಬಿಸಿ ಆಚೆ ಕಳಿಸಿದರಂತೆ. ಮಾಲಾಳ ತವರಿನ ಮುದ್ದೇಬಿಹಾಳದಲ್ಲಿ ಆಕಾಶದಲ್ಲಿ ದೀಪ ಕಂಡಿತೆಂದು ಮಂದಿ ಮನೆಯ ದೀಪ ಆರಿಸಿ ಕೂತರಂತೆ. ಎಲ್ಲವೂ ಅಂತೆ. ಟಿವಿಯಲ್ಲಿ ಬಂದವನು ಒಂದು ಮಾತು ಹೇಳಿದ್ದ: ಈಗಿನ ಯುದ್ಧದಲ್ಲಿ ಗುಂಡು ಹಾರುವುದು ಕೊನೆಗೆ, ಮೊದಲು ಕಿವಿ ಹೋಗಿ ಕೂತಿರುತ್ತದೆ. ಮಾಲಾ ಅದನ್ನು ಕೇಳಿ ಬಾಗಿಲ ಕಡೆ ನೋಡಿದ್ದಳು. ರೇವವ್ವ ತನ್ನ ಕೈ ನೋಡಿಕೊಂಡಿದ್ದಳು. ಉಗುರ ಸಂದಿಯಲ್ಲಿ ಹಿಟ್ಟು ಒಣಗಿತ್ತು.

"ಅಕ್ಕಾ! ಅಕ್ಕಾ!"

ಮಾಲಾ ಒಳಗಿನಿಂದ ಓಡಿ ಬಂದಳು. ಸೆರಗು ನೆಲಕ್ಕೆ ಎಳೆಯುತ್ತಿತ್ತು, ಫೋನು ಕಿವಿಗೆ ಒತ್ತಿಕೊಂಡಿತ್ತು, ಮುಖ ಅಳುತ್ತಿದೆಯೋ ನಗುತ್ತಿದೆಯೋ ತಿಳಿಯುವ ಹಾಗಿರಲಿಲ್ಲ. "ಅವರ ಫೋನ್! ಚಲೋ ಅದಾರಂತ, ಏನೂ ಆಗಿಲ್ಲಂತ. ತಗೋ, ಮಾತಾಡು."

"ವೈನಿ," ಎಂದ ಸಿದ್ಧರಾಮ, ಬಾವಿಯೊಳಗಿನಿಂದ ಕರೆದಂತೆ. "ಅಳಬ್ಯಾಡ. ಜೀವಂತ ಅದೇನಿ."

"ಊಟ ಮಾಡೀ?" ಎಂದಳು ರೇವವ್ವ.

"ಮಾಡೇನಿ. ವೈನಿ, ದೇವರು ದೊಡ್ಡಾಂವ. ಮುಂಚಿನ ಜಾಗಾದಿಂದ ನಮ್ಮನ್ನ ಹಿಂದಿನ ದಿನ ಎಬ್ಬಿಸಿದ್ರು. ಮರುದಿನ ಅದ ಜಾಗಾದ ಮ್ಯಾಲ ಬಿದ್ದಾವ, ಒಂದರ ಮ್ಯಾಲ ಒಂದು, ಬಟ್ಟು ಮಾಡಿ ತೋರಿಸಿದಂಗ. ಗಿಡಾ ಒಂದೂ ಉಳಿದಿಲ್ಲ. ಆ ಅಕ್ರೋಟ ಕೊಟ್ಟ ಮುದುಕ..." ದನಿ ಕಡಿದು ಮತ್ತೆ ಬಂತು. "ಅವಂಗ ಎಲ್ಲಿಗಿ ಹೋಗಂತಿ? ಅವನ ಮನಿ ಅಲ್ಲೇ."

ಫೋನು ಮಾಲಾಳ ಕೈಗೆ ಹೋಯಿತು. ಇಂದ್ರಾಬಾಯಿ ಮಾಲಾಳ ಬಾಯಿಗೆ ಸಕ್ಕರೆ ಹಾಕಿದಳು, ಸಿದ್ದವ್ವ ದೇವರ ಫೋಟೋಕ್ಕೆ ಕೈ ಮುಗಿದಳು. ರೇವವ್ವನ ನಾಲಿಗೆಯ ಮೇಲೆ ಅಕ್ರೋಟದ ಸಿಪ್ಪೆಯ ಒಗರು ಎದ್ದಿತು. ಆ ಮುದುಕನ ಮುಖ ಅವಳು ಕಂಡವಳಲ್ಲ. ಆದರೂ ಅವನು ಬಂದು ಒಲೆಯ ಆಚೆ ಕುಕ್ಕರಗಾಲಲ್ಲಿ ಕೂತ; ಅವನಿಗೆ ಚಮನಸಾಬನ ಹಣೆ ಇತ್ತು, ಕನ್ನಡಕ ಏರಿಸಿದ ಗುರುತು ಕೂಡ. ಬಟ್ಟು ಮಾಡಿ ತೋರಿಸಿದಂಗ. ಈ ಬೆರಳೇ? ಇದೇ ಇರಬೇಕು ಎನ್ನಲಿಕ್ಕೂ ಬರುವುದಿಲ್ಲ. ಆ ಹೆಣ್ಣು ಎಷ್ಟು ಮನೆಗೆ ಫೋನು ಮಾಡಿದ್ದಳೋ, ಎಷ್ಟು ದೀದಿಯರ ಮೊಣಕಾಲು ವಿಚಾರಿಸಿದ್ದಳೋ. ಅಲ್ಲ ಎನ್ನಲಿಕ್ಕೂ ಬರುವುದಿಲ್ಲ.

"ಕೇಳಿದ್ರೇನ? ಅದ ಜಾಗಾಕ್ಕ ಹೊಡದಾರ," ಎಂದಳು ಮಾಲಾ, ಫೋನು ಕೆಳಗಿಟ್ಟು. ನಗೆ ಹೋಗಿ ಅವಳ ಮುಖ ಕಲ್ಲಾಗಿತ್ತು. "ಯಾರು ಹೇಳಿದ್ರು ಅಂತ ಈಗ ಗೊತ್ತಾತು. ನಮ್ಮ ಗಂಟು ಹೊಲೀತಿದ್ದ, ಅಕ್ಕನ ಕೂಡ ಮಾತಾಡ್ಕೋತ ಎಲ್ಲಾ ಬಾಯಿ ಬಿಡಿಸ್ಕೊಂಡಿರಬೇಕು. ಆ ಕೈ ಕಡೀಬೇಕು ಅವಂದು."

"ಮಾಲಾ," ಎಂದಳು ರೇವವ್ವ.

"ಏನಕ್ಕಾ?"

ಮಾಲಾಳ ಕಣ್ಣಲ್ಲಿ ಒಂದು ಚೂರು ಅನುಮಾನವಿರಲಿಲ್ಲ. ತಾಯಿಯ ಮುಖ ನೋಡುವಂತೆ ನೋಡುತ್ತಿದ್ದಳು. ಹೇಳಿದರೆ ಆ ಕಣ್ಣು ಇನ್ನೊಮ್ಮೆ ಹಾಗೆ ನೋಡುವುದಿಲ್ಲ. ಸಿದ್ಧರಾಮನ ನೌಕರಿ ಏನಾಗುವುದೋ. ಹೆಂಡತಿಗೆ ಹೇಳಿದವನು ಅವನೇ ತಾನೆ. ಗೆದ್ದ ಯುದ್ಧ, ಬದುಕಿದ ಹುಡುಗ, ಈಗ ಯಾರಿಗೆ ಬೇಕು ಈ ಮಾತು? "ರೊಟ್ಟಿ ಹೊತ್ತಾಕತ್ತಾವ, ನೋಡು," ಎಂದುಬಿಟ್ಟಳು.

ಆಗಲೇ ಬಾಗಿಲಲ್ಲಿ ಜೈನುದ್ದೀನ ನಿಂತಿದ್ದ. ಚಮನಸಾಬನ ಅಣ್ಣ, ತಾಳಿಕೋಟೆಯಿಂದ ಸುದ್ದಿ ಕೇಳಿ ಬಸ್ಸು ಹತ್ತಿ ಬಂದವನು. ಹೆಗಲ ವಸ್ತ್ರದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. ಒಳಗೆ ಬರಲಿಲ್ಲ. ಇಷ್ಟು ವರ್ಷ ಸೀದಾ ಒಲೆಯ ತನಕ ಬಂದು ಬಿಸಿ ರೊಟ್ಟಿ ಕೇಳುತ್ತಿದ್ದವನು ಹೊಸ್ತಿಲಾಚೆ ನಿಂತು ಕೇಳಿದ: "ರೇವವ್ವ, ತಮ್ಮ ಯಾರ ಕೂಡ ಫೋನಿನ್ಯಾಗ ಮಾತಾಡಿದ್ದ ಅಂತ ನಿನಗೇನರ ಗೊತ್ತೈತೇನವಾ? ಸರಕಾರಿ ಬಂಗಲೇದಾಗ ಕುಂಡ್ರಿಸ್ಯಾರ. ಬಾಯಿ ಬಿಡವಲ್ಲ. ನಾನ ಮಾತಾಡೀನಿ, ಯಾರ್ದೂ ಹೆಸರು ಹೇಳೂದಿಲ್ಲ ಅಂತಾನಂತ."

"ನನಗೇನು ಗೊತ್ತಣ್ಣ," ಎಂದಿತು ರೇವವ್ವನ ಬಾಯಿ. ಜೈನುದ್ದೀನ ತಲೆಯಾಡಿಸಿದ. ಅವಳ ಮಾತನ್ನು ಅವನು ನಂಬಿದ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಅವನ ಬೆನ್ನು ಓಣಿಯ ತಿರುವಿನಲ್ಲಿ ಮರೆಯಾಗುವತನಕ ನೋಡಿ, ಕೈ ತೊಳೆದು, ಸೆರಗು ಹೊದ್ದು, ಮಾಲಾ ಎಲ್ಲಿಗೆಂದು ಕೇಳುತ್ತಿದ್ದಂತೆಯೇ ಅವಳು ಹೊರಬಿದ್ದಳು.

ಬಿಸಿಲು ನೆಲದಿಂದ ಏಳುತ್ತಿತ್ತು. ಮೊಣಕಾಲು ಹೆಜ್ಜೆಹೆಜ್ಜೆಗೂ ಕಟಕ್ಕೆನ್ನುತ್ತಿತ್ತು. ಬಸವನ ಬಾಗೇವಾಡಿಯ ಬಸ್ಸಿನಿಂದ ಇಳಿದ ಮಂದಿ ಅವಳನ್ನು ಗುರುತಿಸಿ, "ನಿಮ್ಮ ಹುಲಿ ಸುಖರೂಪ ಅದಾನಂತಲ್ಲ!" ಎಂದರು, ಸುದ್ದಿ ಅವಳಿಗಿಂತ ಮುಂದೆ ನಡೆದಿತ್ತು. ಕೈ ಮುಗಿದಳು. ಹೇಳಬೇಕಾದದ್ದನ್ನು ಬಾಯಲ್ಲಿ ಹೊಂದಿಸಿಕೊಳ್ಳುತ್ತ ನಡೆದಳು: ನಾನ ಹೇಳಿದ್ದರಿ, ಅವ ಬ್ಯಾಡ ಅಂದಿದ್ದ, ನಾನ ಬೈದು ಹೇಳಿಸಿದೆ. ಮೂರು ಮಾತು. ಇಷ್ಟು ಹೇಳಿದರೆ ಒಬ್ಬ ಮನುಷ್ಯ ಮನೆಗೆ ಹೋಗುತ್ತಾನೆ. ಹೇಳುವುದು ಇಷ್ಟು ಹಗುರವೆಂದು ಅರಿತಾಗ ಅವಳಿಗೆ ಒಳಗೊಳಗೇ ಹಿಗ್ಗೂ ಆಯಿತು, ತಾನು ಒಳ್ಳೆಯವಳೆಂಬ ಹಿಗ್ಗು.

ಬಂಗಲೆಯ ಪಡಸಾಲೆಯಲ್ಲಿ ಬೆಂಚಿನ ಮೇಲೆ ಚಮನಸಾಬ ಕೂತಿದ್ದ. ಕನ್ನಡಕ ಇರಲಿಲ್ಲ. ಅವಳನ್ನು ನೋಡಿ ಮೊದಲು ಬೇಡವೆಂಬಂತೆ ತಲೆಯಾಡಿಸಿದ, ಆಮೇಲೆ ಮುಖವೆಲ್ಲ ಸಡಿಲಾಯಿತು. ಚಪ್ಪಲಿಗಳು ಬೆಂಚಿನ ಕೆಳಗೆ ಜೋಡಿಯಾಗಿ ಇದ್ದವು. ಅವಳು ನಿಲ್ಲದೆ ಒಳಗೆ ಹೋದಳು.

ಒಳಗಿದ್ದ ಅಧಿಕಾರಿ ಮೆತ್ತಗಿನ ಮನುಷ್ಯ. ಕುರ್ಚಿ ತೋರಿಸಿದ, ನೀರು ತರಿಸಿದ. ಅವನ ಕನ್ನಡ ಬೆಂಗಳೂರಿನ ಕಡೆಯದು. ಪಕ್ಕದಲ್ಲಿ ಇನ್ನೊಬ್ಬ ಕಾಗದ ಹಿಡಿದು ಕೂತಿದ್ದ. ಅವಳು ಮೂರು ಮಾತು ಹೇಳಿದಳು, ಮೂರಕ್ಕೆ ಮೂವತ್ತಾದವು. ಬ್ಯಾನರು, ಮೊಣಕಾಲು, ಹುಡಿಯಾದ ರೊಟ್ಟಿ, ಒಲೆಗೆ ಹಾಕಿದ ಬಟ್ಟೆ. ಮೈದುನ ಹೆಂಡತಿಗೆ ಹೇಳಿದ್ದನ್ನು ಮಾತ್ರ ನುಂಗಿ, ಅವನ ಫೋನಿನ ಹಿಂದೆ ಯಾರೋ ಆಡಿದ್ದನ್ನು ನಾನೇ ಕೇಳಿಸಿಕೊಂಡೆ ಎಂದಳು.

"ನೀವು ಬಂದು ಹೇಳಿದ್ದು ದೊಡ್ಡ ಗುಣ ಅಮ್ಮ," ಎಂದ ಅಧಿಕಾರಿ. "ನಿಮ್ಮನ್ನು ಯಾರೂ ಏನೂ ಮಾಡಲ್ಲ. ಹೀಗೆ ಮೋಸ ಹೋದವರು ನಿಮ್ಮ ಹಾಗೆ ತುಂಬಾ ಜನ ಇದಾರೆ. ಒಂದೇ ಒಂದು ಕೇಳ್ತೀನಿ. ನೀವು ಹೇಳಿದ್ದು ಕನ್ನಡದಲ್ಲಿ. ಅವರು ಆ ಹೆಂಗಸಿಗೆ ಹೇಳಿದ್ದು ಹಿಂದಿಯಲ್ಲಿ. ನೀವು ಹೇಳಿದಷ್ಟೇ ಹೇಳಿದರಾ, ಇನ್ನೇನಾದರೂ ಸೇರಿಸಿದರಾ?"

ರೇವವ್ವ ಹೇಳಿದಷ್ಟೇ ಎನ್ನಲು ಬಾಯಿ ತೆರೆದಳು.

"ನಿಮಗೆ ಹಿಂದಿ ಬರುತ್ತಾ ಅಮ್ಮ?"

ತಲೆಯ ಮೇಲೆ ಫ್ಯಾನು ಒಂದು ಕಡೆಗೆ ವಾಲಿ ತಿರುಗುತ್ತಿತ್ತು. ಆ ದಿನ ಅವಳು ಹೇಳಿದ್ದು ಗಿಡ್ಡ ಮಾತು. ಚಮನಸಾಬ ಫೋನಿನಲ್ಲಿ ಹೇಳಿದ್ದು ಉದ್ದ ಮಾತು. ಹಿಂದಿಯಲ್ಲಿ ಎಲ್ಲವೂ ಉದ್ದವಿರಬೇಕೆಂದು ಆಗ ಅಂದುಕೊಂಡಿದ್ದಳು. ನಡುವೆ ಒಮ್ಮೆ ಅವನು ನಕ್ಕಿದ್ದ. ಆ ಹೆಣ್ಣೂ ನಕ್ಕಿದ್ದಳು. ಅಂಥದ್ದೇನಿತ್ತು ನಗುವಂಥದು? ಇಲ್ಲ, ಇಲ್ಲ, ಅವಳಿಗೆ ಚಮನಸಾಬ ಗೊತ್ತು, ಅವನ ಮಿಷನ್ನಿನ ಸದ್ದು ಕೇಳಿಯೇ ಅವನಿಗೆ ಜ್ವರ ಬಂದದ್ದು ಹೇಳಬಲ್ಲಳು. ಆದರೆ ಕೇಳಿದ್ದು ಅದಲ್ಲ. ಹಿಂದಿ ಬರುತ್ತಾ ಎಂದು ಕೇಳಿದ್ದು. ಸುಳ್ಳು ಹೇಳಿಹೇಳಿ ಸಾಕಾಗಿ ಖರೆ ಹೇಳಲಿಕ್ಕೆಂದೇ ಬಿಸಿಲಲ್ಲಿ ನಡೆದು ಬಂದವಳು.

"ಇಲ್ರಿ," ಎಂದಳು.

"ಅಂದರೆ ಅವರು ಏನು ಹೇಳಿದರೋ ನಿಮಗೆ ಗೊತ್ತಿಲ್ಲ."

"ಗೊತ್ತಿಲ್ರಿ."

ಅಧಿಕಾರಿ ಪಕ್ಕದವನ ಕಡೆ ನೋಡಿದ. ಪಕ್ಕದವನು ಬರೆದುಕೊಂಡ. ಮುಂಜಾನೆಯಿಂದ ಅವರು ಕಾಯುತ್ತಿದ್ದ ಮಾತು ಇದೇ ಇರಬೇಕು, ಇಬ್ಬರ ಭುಜಗಳೂ ಇಳಿದವು. "ಹುಷಾರಾಗಿ ಮನೆಗೆ ಹೋಗಿ ಅಮ್ಮ. ಗಾಡಿಯಲ್ಲಿ ಬಿಡಿಸಲಾ?" ಎಂದು ಎದ್ದು ನಿಂತು ಕೈ ಮುಗಿದ.

ಪಡಸಾಲೆಗೆ ಬಂದಳು. ಬೆಳಕಿಗೆ ಕಣ್ಣು ಕತ್ತಲಿಟ್ಟಿತು. ಚಮನಸಾಬ ಎದ್ದು ನಿಂತಿದ್ದ.

"ಎಲ್ಲಾ ಹೇಳಿದೇನು, ರೇವಕ್ಕ?"

"ಹೇಳಿದೆ."

"ಹುಚ್ಚವ್ವ, ಯಾಕ ಬಂದಿ? ಹೋಗ್ಲಿ, ಚಲೋ ಆತು. ಇನ್ನ ಬಿಡ್ತಾರ. ಸಿದ್ಧರಾಮ ಚಲೋ ಅದಾನಂತ, ಪೊಲೀಸ ಹೇಳಿದ." ಅವನು ಗೋಡೆಗೆ ಕೈ ಊರಿ ಬಲಗಾಲನ್ನು ಚಪ್ಪಲಿಯೊಳಗೆ ತೂರಿಸುತ್ತಿದ್ದ. ಕನ್ನಡಕವಿಲ್ಲದ ಮುಖ ಹುಡುಗನ ಮುಖದ ಹಾಗಿತ್ತು. "ನಡಿ, ಆ ಕುಪ್ಪಸ ಸಂಜೀಕ ಕೊಡೂದೈತಿ."

ಅವಳು ಮುಂದೆ ಹೆಜ್ಜೆ ಇಡಬೇಕಿತ್ತು. ನಡಿ ಎನ್ನಬೇಕಿತ್ತು. ಬಾಯಿಗೆ ಬಂದ ಪ್ರಶ್ನೆ ಅವಳದೋ, ಒಳಗೆ ಕೂತವನದೋ, ಅಥವಾ ಆ ಸಕ್ಕರೆ ದನಿಯವಳು ಗಂಟಲಲ್ಲಿ ಇಟ್ಟುಹೋದದ್ದೋ ಅವಳಿಗೆ ತಿಳಿಯಲಿಲ್ಲ.

"ಚಮನಣ್ಣ," ಎಂದಳು, "ಅವತ್ತ ಆಕಿ ಕೂಡ ಮಾತಾಡೂಮುಂದ ನೀ ಯಾಕ ನಕ್ಕಿ?"

ಅವನು ಅವಳ ಮುಖ ನೋಡಿದ. ತೂರಿಸಿದ್ದ ಕಾಲನ್ನು ಚಪ್ಪಲಿಯಿಂದ ಹೊರಗೆಳೆದು, ಯಾರೂ ಹೇಳದೆಯೇ, ಹಿಂದೆ ಸರಿದು ಬೆಂಚಿನ ಮೇಲೆ ಕೂತ.